ದಾರ ಎಳೆಯುವ ಪಾಳಿ

ಮಣಿನಗರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನೆಲಮಹಡಿಯ ವರಾಂಡದಲ್ಲಿ ಹಳೇ ಚಾದರ ಹಾಸಿಕೊಂಡು ಕೂತ ಇಂದುಮತಿ, ಪಕ್ಕದ ಮನೆಯವರ ಕಾರಿನಿಂದ ಬಿಚ್ಚಿ ತಂದ ವೈಪರ್ ಸರಳುಗಳಿಗೆ ಗ್ರೀಸ್ ಹಚ್ಚುತ್ತಿದ್ದಾರೆ. ಅದೇ ಕೈಯಲ್ಲಿ ಕೂದಲು ಸರಿಸಿ ಹಣೆಗೊಂದು ಕರಿ ನಾಮ ಬಳಿದುಕೊಂಡಿರುವುದು ಅವರಿಗೆ ಗೊತ್ತಿಲ್ಲ. ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಸ್ವಂತ ಊರು ಗದಗ. ಗಂಡ ಗಿರಿಧರ ರೈಲ್ವೆ ನೌಕರ. ವರ್ಗವಾಗಿ ಇಷ್ಟು ದೂರದ ಈ ಪರನಾಡಿಗೆ ಬಂದ ಮೊದಲ ಮಳೆಗಾಲದಲ್ಲೇ ಇವರ ಕಾರಿನ ವೈಪರ್ ಕೈಕೊಟ್ಟಿತು. ಗ್ಯಾರೇಜಿನವನು ಪೂರಾ ಬದಲಿಸಬೇಕು ಎಂದ. ಇಂದುಮತಿ ಒಪ್ಪದೆ ತಾವೇ ರಿಪೇರಿಗೆ ಕೂತರು. "ಮೋಟರ್ ಗುಂಯ್ ಅಂತಿತ್ತು, ಸತ್ತಿಲ್ಲ ಅಂತ ತಿಳೀತು. ಬಿಚ್ಚಿ ನೋಡಿದ್ರ ಸರಳು ಹಿಡಿದಿಡೋ ಪ್ಲಾಸ್ಟಿಕ್ ಬುಷ್ ಸವದು ಸರಳು ಕಳಚಿತ್ತು, ಅಷ್ಟ." ಮೊದಲು ಎಡವಟ್ಟೂ ಆಗಿದೆ. ಮೋಟರನ್ನು ಒಮ್ಮೆ ಓಡಿಸಿ ಅದರ ಜಾಗಕ್ಕೆ ತಂದು ನಿಲ್ಲಿಸದೇ ವೈಪರಿನ ತೋಳು ಕೂಡಿಸಿದ್ದರು. "ಎರಡೂ ತೋಳು ಗಾಜು ಬಿಟ್ಟು ಒಂದನ್ನೊಂದು ಹಿಡ್ಕೊಂಡು ಕೂತ್ವು ನೋಡ್ರಿ!" ಈಗ ಮಳೆಗಾಲದಲ್ಲಿ ದಿನಕ್ಕೆ ಎರಡು ಕಾರಾದರೂ ಅವರ ಹತ್ತಿರ ರಿಪೇರಿಗೆ ಬರುತ್ತವೆ.

ಅಷ್ಟರಲ್ಲಿ ಮಳೆ ಹೊಡೆಯತೊಡಗುತ್ತದೆ. ದಿನಾ ರಸ್ತೆ ತಿರುವಿನಲ್ಲೇ ನಿಲ್ಲುವ ಶಾಲೆಯ ವ್ಯಾನು, ಅಲ್ಲಿ ನೀರು ನಿಂತದ್ದರಿಂದ ಇವತ್ತು ಅಂಗಳಕ್ಕೇ ಬರುತ್ತದೆ. ಅದರ ಮುಂಗಾಜು ನೋಡಿ ಇಂದುಮತಿ ಎದ್ದು ಹೋಗುತ್ತಾರೆ. ಕೆಟ್ಟು ನಿಂತ ವೈಪರಿನ ಎರಡೂ ತೋಳಿಗೆ ಹಸಿರು ನೈಲಾನ್ ದಾರ. ಅದರ ತುದಿಗಳು ಆಚೀಚೆ ಕಿಟಕಿಗಳೊಳಗೆ. ಎಡಗಡೆಯ ಮಗು ಎಳೆದರೆ ವೈಪರ್ ಅತ್ತ, ಬಲಗಡೆಯ ಮಗು ಎಳೆದರೆ ಇತ್ತ. ಇಬ್ಬರೂ ಮಕ್ಕಳ ಕೈ ಭುಜದವರೆಗೆ ಹೊರಗೆ!

"ಬಚ್ಚೋಂ ಕೋ ಮಜಾ ಆತಾ ಹೈ, ಬೆನ್," ಮಕ್ಕಳಿಗೆ ಇದು ಮಜಾ ಅಕ್ಕಾ, ಎಂದು ಡ್ರೈವರ್ ಜಯೇಶ್‌ಭಾಯ್ ಹಲ್ಲು ಕಿರಿಯುತ್ತಾನೆ.

ಅದಕ್ಕಿಂತ ದೊಡ್ಡ ಪೆಟ್ಟು ಬೆನ್ನ ಹಿಂದಿನಿಂದ ಬೀಳುತ್ತದೆ. ಮೂರನೇ ಕ್ಲಾಸಿನ ಮಗಳು ತನ್ವಿ ಕುಣಿಯುತ್ತಿದ್ದಾಳೆ. "ಮಮ್ಮಿ, ಇವತ್ತು ನನ್ನ ಟರ್ನ್!"

ಇಂದುಮತಿ ಮಗಳತ್ತ ತಿರುಗುತ್ತಾರೆ. ಊರವರ ಕಾರಿಗೆಲ್ಲ ವೈಪರ್ ಕೂಡಿಸಿದ್ದಾಯಿತು, ತನ್ನ ಕೂಸು ಹೋಗುತ್ತಿದ್ದದ್ದು ಇದರಲ್ಲಿ.

"ಎಂದಿನಿಂದ?"

"ಮಳೆ ಶುರು ಆದಾಗಿಂದ."

ಇಂದುಮತಿ ಡ್ರೈವರನ ಕಿಟಕಿಯೊಳಗೆ ಕೈ ಹಾಕಿ ವ್ಯಾನಿನ ಕೀಲಿ ಕಿತ್ತುಕೊಳ್ಳುತ್ತಾರೆ. ಜಯೇಶ್‌ಭಾಯ್ ಅಂಗಲಾಚುತ್ತಾನೆ. ಮುಂದಿನ ಸ್ಟಾಪುಗಳಿಂದ ಪೋಷಕರು ಫೋನಿನಲ್ಲಿ ರೇಗುತ್ತಾರೆ, ಮಕ್ಕಳಿಗೆ ಇವತ್ತು ಪರೀಕ್ಷೆಯಂತೆ. "ಬೈಕೊಳ್ಳಿ. ಪರೀಕ್ಷಿ ಮತ್ತ ಬರ್ತಾವು. ಕೀಲಿ ಕೊಡಂಗಿಲ್ಲ," ಎಂದವರೇ ಮಳೆಯಲ್ಲೇ ಬಾನೆಟ್ ಎತ್ತುತ್ತಾರೆ. ಅದೇ ಸವೆದ ಬುಷ್, ಅದೇ ಕಳಚಿದ ಸರಳು. ಹತ್ತಾರು ಸಲ ಮಾಡಿದ ಕೆಲಸ, ಆದರೂ ನಟ್ಟು ಎರಡು ಸಲ ಬೀಳುತ್ತದೆ. ಹೊಸ ಬುಷ್ ಹಾಕಿ, ಮೋಟರ್ ಓಡಿಸಿ ನಿಲ್ಲಿಸಿ, ತೋಳು ಕೂಡಿಸಿ, ತರಕಾರಿ ಚಾಕುವಿನಿಂದ ದಾರ ಕೊಯ್ದು ಹಾಕಿದ ಮೇಲೆಯೇ ಕೀಲಿ ಹಿಂದಿರುಗುತ್ತದೆ.

ಮಧ್ಯಾಹ್ನವೂ ಮಳೆ ಬಿಟ್ಟಿಲ್ಲ. ವ್ಯಾನಿನಿಂದ ಇಳಿದ ತನ್ವಿಯ ಮುಖ ಊದಿಕೊಂಡಿದೆ. "ಬಹುತ್ ಬೋರ್ ಆಯ್ತು ಮಮ್ಮಿ. ಯಾರಿಗೂ ಏನೂ ಕೆಲಸಾನೇ ಇಲ್ಲ. ಸುಮ್ಮನೆ ಕೂತ್ಕೊಂಡ್ ಬಂದ್ವಿ."

ಇಂದುಮತಿ ಅವಳ ಎರಡೂ ಕೈಗಳನ್ನು ಸೆರಗಿನಿಂದ ಒರೆಸಹೋಗುತ್ತಾರೆ. ಒರೆಸಲು ಏನೂ ಇಲ್ಲ, ಒಣಗಿಯೇ ಇವೆ.

"ದಿನಾ ಹಂಗ ಬ್ಯಾಸರಾ ಆಗ್ಲಿ ನಿಮಗ," ಎನ್ನುತ್ತಾರೆ. "ನನಗ ಇನ್ನೇನೂ ಬ್ಯಾಡ."