ನಿನ್ನೆಯಮ್ಮ ಬರೆದುಕೊಂಡ ಊಟ

ಕೆಲಸಕ್ಕೆ ಹೋದ ಓಣಿಗಳ ಮಕ್ಕಳು ಅವಳಿಗೆ ಇಟ್ಟ ಹೆಸರು ನಿನ್ನೆಯಮ್ಮ. ಬಂದವಳೇ ಚಪ್ಪಲಿ ಬಿಟ್ಟು ಕೂತು, "ನಿನ್ನೆ ಎದ್ದಾಗಿನಿಂದ ಮಲಗೋವರೆಗೂ ಏನೇನು ತಿಂದ್ರಿ, ಹೇಳಿ" ಅಂತ ಕೇಳುವುದೇ ಅವಳ ಕೆಲಸ. ಯಾರು ಏನು ತಿನ್ನುತ್ತಾರೆ, ಯಾಕೆ ಅದನ್ನೇ ತಿನ್ನುತ್ತಾರೆ ಎಂದು ಸಂಶೋಧನೆ ಮಾಡುವ ವಿಶ್ವವಿದ್ಯಾಲಯದ ವಿಭಾಗವೊಂದು ಅವಳನ್ನು ಇಟ್ಟುಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೂ ಮುಂಚೆ ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳಿಗೆ ಬಡಿಸುತ್ತಿದ್ದವಳು. ಒಂದು ಸೌಟು ಅನ್ನ ಎಷ್ಟು ಗ್ರಾಂ ಅಂತ ಕಣ್ಣಳತೆಯಲ್ಲೇ ಹೇಳಬಲ್ಲಳು. ಚೀಲದಲ್ಲಿ ಮೂರು ಅಳತೆಯ ಬಟ್ಟಲು, ನಾಲ್ಕು ಚಮಚ, ಒಂದು ಪುಟ್ಟ ತೂಕದ ಯಂತ್ರ, ರಟ್ಟಿಗೆ ಸಿಕ್ಕಿಸಿದ ಫಾರಂ. ಬಸ್ ಓಡಿಸಿ ನಿವೃತ್ತನಾದ ಗಂಡ ರೇಗಿಸುತ್ತಿದ್ದ: "ಊರವರ ಹೊಟ್ಟೆಯೆಲ್ಲ ನಿನಗೆ ಬಾಯಿಪಾಠ. ನಾನು ಬೆಳಿಗ್ಗೆಯಿಂದ ಏನು ತಿಂದೆ, ಒಂದು ದಿನ ಕೇಳಿದ್ದೀಯಾ?"

ಹೊಸದಾಗಿ ಸೇರಿದವರಿಗೆ ಕೆಲಸ ಕಲಿಸುವವಳೂ ಅವಳೇ. "ಹೇಳಿದ್ದನ್ನ ಬರೀರಿ. ಹುಬ್ಬು ಏರಿಸಬೇಡಿ, ಅಯ್ಯೋ ಅನ್ನಬೇಡಿ, ಭೇಷ್ ಅಂತಲೂ ಅನ್ನಬೇಡಿ. ನಿಮ್ಮ ಮುಖ ಗೋಡೆ ಥರ ಇರಲಿ."

ಆ ವರ್ಷ ಅವಳ ಪಾಲಿಗೆ ಬಂದದ್ದು ಗೋದಾಮುಗಳ ಹಿಂದಿನ ಓಣಿ. ಇಪ್ಪತ್ತು ಮನೆ, ಮನೆಗೆ ಮೂರು ಭೇಟಿ. ಮೊದಲ ಮನೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳದು. ಎಲ್ಲರೂ ಟೈಲರಮ್ಮ ಅನ್ನುತ್ತಿದ್ದರು. ಮೂವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ, ಇಬ್ಬರು ಹೆಣ್ಣುಮಕ್ಕಳು. ಯಂತ್ರ ತುಳಿಯುವುದನ್ನು ನಿಲ್ಲಿಸದೆಯೇ ಅವಳು ಉತ್ತರ ಕೊಟ್ಟಳು.

"ಬೆಳಿಗ್ಗೆ ಚಹಾ. ಮಧ್ಯಾಹ್ನ ಇನ್ನೊಂದು ಚಹಾ. ಸಂಜೆ ಮಕ್ಕಳು ಉಂಡು ಬಿಟ್ಟ ಅನ್ನ."

"ಅಷ್ಟೇನಾ?"

ಬಾಯಿ ತಪ್ಪಿ ಬಂದ ಮಾತು. ನಿನ್ನೆಯಮ್ಮನಿಗೇ ಅದು ಕೇಳಿಸಿದ್ದು ಆಡಿ ಮುಗಿಸಿದ ಮೇಲೆ. ಯಂತ್ರ ಗಕ್ಕನೆ ನಿಂತಿತು. ಟೈಲರಮ್ಮ ದಾರ ಕತ್ತರಿಸಿ, "ನಿನ್ನೆ ಮೈ ಸರಿ ಇರಲಿಲ್ಲ, ಅದಕ್ಕೆ" ಅಂದಳು. ಅವಳ ಕಿವಿ ಕೆಂಪಾಗಿತ್ತು.

ಎರಡನೇ ಸಲ ಹೋದಾಗ ಕೇಳುವುದಕ್ಕೂ ಬಿಡಲಿಲ್ಲ. ಬ್ರೆಡ್ಡು, ಎರಡು ಮೊಟ್ಟೆ, ಹಾಲು, ಅನ್ನ, ಬೇಳೆ, ಸೊಪ್ಪು, ಕೊನೆಗೊಂದು ಬಾಳೆಹಣ್ಣು ಅಂತ ಒಂದೇ ಉಸಿರಿಗೆ ಒಪ್ಪಿಸಿದಳು. ಯಾವ ಬಟ್ಟಲು ಅಂದರೆ ಎಲ್ಲದಕ್ಕೂ ದೊಡ್ಡದನ್ನೇ ಮುಟ್ಟಿ ತೋರಿಸಿದಳು. ಒಲೆ ತಣ್ಣಗಿತ್ತು. ಕಸದ ಬುಟ್ಟಿಯಲ್ಲಿ ಬಟ್ಟೆಯ ಚೂರು ಬಿಟ್ಟರೆ ಮೊಟ್ಟೆಯ ಸಿಪ್ಪೆಯೂ ಇರಲಿಲ್ಲ, ಬಾಳೆಯ ಸಿಪ್ಪೆಯೂ ಇರಲಿಲ್ಲ. ನಿನ್ನೆಯಮ್ಮ ಮುಖವನ್ನು ಗೋಡೆ ಮಾಡಿಕೊಂಡು ಬರೆದಳು. ಮೂರನೇ ಸಲವೂ ಅದೇ. ಅಕ್ಕಪಕ್ಕದ ಮನೆಗಳಲ್ಲೂ ಹಾಲು ಮೊಟ್ಟೆ ಧಾರಾಳವಾಗಿ ಹರಿದಾಡಿದವು. ಏನೋ ಸರಿಯಿಲ್ಲ ಅನ್ನಿಸಿತು. ಆದರೆ ನಿಯಮ ನಿಯಮವೇ. ಸಹಿ ಹಾಕಿ ಕೊಟ್ಟುಬಂದಳು.

ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದವಳು ಓಣಿಯ ತುದಿಯಲ್ಲಿ ನಿಂತುಬಿಟ್ಟಳು. ಆರು ವರ್ಷದೊಳಗಿನ ಮಕ್ಕಳಿಗೆ ದಿನಾ ಹಾಲು, ಮೊಟ್ಟೆ ಕೊಡುತ್ತಿದ್ದ ಕೇಂದ್ರಕ್ಕೆ ಬೀಗ ಬಿದ್ದಿತ್ತು. ಎದುರಿನ ಅಂಗಡಿಯವನು ಹೇಳಿದ: "ಈ ಓಣಿಯವರು ಚೆನ್ನಾಗಿ ಉಣ್ತಾರಂತೆ. ಯಾವುದೋ ವರದಿ ಬಂತಂತೆ. ಇನ್ನೂ ಬಡವರಿರೋ ಕಡೆ ಕೊಂಡುಹೋದ್ರು."

ಆ ವರದಿ ಯಾವುದು ಅಂತ ಅವಳಿಗೆ ಗೊತ್ತಿತ್ತು. ನೇರ ವಿಭಾಗಕ್ಕೆ ಹೋಗಿ ಸಮೀಕ್ಷೆ ನೋಡಿಕೊಳ್ಳುವ ಪ್ರೊಫೆಸರರ ಮುಂದೆ ನಿಂತಳು.

"ಸರ್, ಟೈಲರಮ್ಮನ ಮನೆಯ ಮೊದಲನೇ ಫಾರಂ ಎಲ್ಲಿ?"

ಪ್ರೊಫೆಸರು ಕೆಟ್ಟವರಲ್ಲ. ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದರು. "ಮೈ ಸರಿ ಇರಲಿಲ್ಲ ಅಂತ ನೀವೇ ಬರೆದಿದ್ದೀರಲ್ಲ. ಅಂಥ ದಿನಗಳನ್ನ ಲೆಕ್ಕಕ್ಕೆ ಹಿಡಿಯೋದಿಲ್ಲ."

"ಅದೊಂದೇ ಸರ್ ನಿಜ. ನಾನು ಅಷ್ಟೇನಾ ಅಂದುಬಿಟ್ಟೆ, ಉಳಿದಿದ್ದೆಲ್ಲ ನನ್ನ ಮುಖ ನೋಡಿ ಹೇಳಿದ್ದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅನುಮಾನದ ಮೇಲೆ ವರದಿ ತಿದ್ದೋಕಾಗಲ್ಲಮ್ಮ. ಅವರ ಮನೆಯಲ್ಲೇ ಕೂತು ತೂಕ ಮಾಡಿ ತಂದರೆ ಹಾಲಿನ ಕೇಂದ್ರ ನಡೆಸೋ ಇಲಾಖೆಗೆ ಬರೀತೀನಿ. ಆದರೆ ನಿಮ್ಮ ತಪ್ಪನ್ನೂ ಬರೆಯಬೇಕಾಗುತ್ತೆ."

"ಬರೀರಿ."

ಟೈಲರಮ್ಮ ಬಾಗಿಲಲ್ಲೇ ತಡೆದಳು. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಬಾಯಿ ತೆರೆದಳು.

"ಅವತ್ತು ನೀವು ಅಷ್ಟೇನಾ ಅಂದಾಗ ನನ್ನ ಜೀವ ಹಿಡಿಯಷ್ಟಾಗಿತ್ತು. ಹೊಲಿಸಿಕೊಳ್ಳೋಕೆ ಬಂದವರಿಗೆಲ್ಲ ನಾನೇ ಹೇಳಿದೆ, ಕಡಿಮೆ ಹೇಳಬೇಡಿ, ಆಯಮ್ಮ ಒಂಥರಾ ನೋಡ್ತಾಳೆ ಅಂತ. ಹಾಲು ನಿಂತಿದ್ದು ನನ್ನಿಂದಲೇ ಅಂತೀರಾ ಹಾಗಾದ್ರೆ?"

"ನಿಮ್ಮಿಂದಲ್ಲಮ್ಮ, ನನ್ನಿಂದ."

"ಯಾರಿಂದಾದ್ರೇನು, ನನ್ನ ಚಿಕ್ಕವಳಿಗೆ ಇಲ್ಲವಾಯ್ತಲ್ಲ." ಬಾಗಿಲು ಹಾಕಿಕೊಂಡಳು.

ನಿನ್ನೆಯಮ್ಮ ಮಾರನೇ ದಿನ ಹೋದಳು, ಅದರ ಮಾರನೇ ದಿನವೂ ಹೋದಳು. ಐದನೇ ದಿನ ಬಾಗಿಲು ತೆರೆದೇ ಇತ್ತು. ಟೈಲರಮ್ಮ ಯಂತ್ರದ ಮುಂದಿನಿಂದ ತಲೆ ಎತ್ತದೆ, "ಮೂಲೇಲಿ ಕೂತ್ಕೊಳ್ಳಿ. ಮಾತಾಡಬೇಡಿ" ಅಂದಳು.

ಮೂರು ದಿನ ಅವಳು ಆ ಮೂಲೆಯಲ್ಲಿ ಕೂತಳು. ಮಕ್ಕಳ ತಟ್ಟೆ ತೂಗಿದಳು, ಅವರು ಬಿಟ್ಟದ್ದನ್ನು ತೂಗಿದಳು. ಟೈಲರಮ್ಮನ ಪಾಲಿಗೆ ಒಂದು ದಿನ ನೂರಾಹತ್ತು ಗ್ರಾಂ ಅನ್ನ, ಇನ್ನೊಂದು ದಿನ ಎಂಬತ್ತು. ಆಮೇಲೆ ಒಂದೊಂದಾಗಿ ಉಳಿದ ಮನೆಗಳೂ ಬಾಗಿಲು ತೆಗೆದವು. ಒಬ್ಬಳು ಮುದುಕಿಯಂತೂ ತನ್ನ ಚಹಾದ ಲೋಟವನ್ನು ತಾನೇ ತಂದು ತೂಕದ ಯಂತ್ರದ ಮೇಲಿಟ್ಟು, "ಸಕ್ಕರೆ ಇಲ್ಲ, ಅದನ್ನೂ ಬರಕೋ" ಅಂದಳು.

ವರದಿ ಹೋಯಿತು. ನಿನ್ನೆಯಮ್ಮನ ತಪ್ಪು ಅದರ ನಾಲ್ಕನೇ ಪುಟದಲ್ಲಿತ್ತು. ಹೊಸಬರಿಗೆ ಕಲಿಸುವ ಕೆಲಸವನ್ನು ವಿಭಾಗ ಇನ್ನೊಬ್ಬರಿಗೆ ಕೊಟ್ಟಿತು. ಅವಳು ತನ್ನ ಪಾಠದ ಟಿಪ್ಪಣಿಗಳನ್ನು ಅವರಿಗೆ ಒಪ್ಪಿಸಿ ಬಂದಳು. ಆ ದಿನ ಮನೆಯಲ್ಲಿ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟಳು. ಗಂಡ ತಮಾಷೆ ಮಾಡದೆ ನೀರಿನ ಲೋಟ ಮುಂದಕ್ಕೆ ಸರಿಸಿ ಪಕ್ಕದಲ್ಲಿ ಕೂತ.

ಐದು ತಿಂಗಳ ಮೇಲೆ ಕೇಂದ್ರದ ಬೀಗ ತೆಗೆದರು. ಸುದ್ದಿ ಹಿಡಿದು ಅವಳು ಓಡಿಹೋಗಿ ಟೈಲರಮ್ಮನಿಗೆ ಹೇಳಿದಳು.

"ಗೊತ್ತು," ಅಂದಳು ಟೈಲರಮ್ಮ. "ಚಿಕ್ಕವಳಿಗೆ ಹೋದ ತಿಂಗಳೇ ಆರು ತುಂಬಿತು." ಹೊಲಿದ ಅಂಗಿಯನ್ನು ಮಡಿಸಿ ಪಕ್ಕಕ್ಕಿಟ್ಟು, ಇನ್ನೊಂದನ್ನು ಎಳೆದುಕೊಂಡಳು. "ಪಕ್ಕದ ಮನೆಯ ಮಗುವಿಗೆ ಮೂರು ವರ್ಷ. ಅದರ ಅಮ್ಮನಿಗೆ ಹೇಳಿ ಹೋಗಿ, ಅವಳಿಗೆ ಇನ್ನೂ ಗೊತ್ತಿಲ್ಲ."

ನಿನ್ನೆಯಮ್ಮ ಹೊರಬಂದು ಪಕ್ಕದ ಮನೆಯ ಬಾಗಿಲು ತಟ್ಟಿದಳು.