ನಾರ್ವೆ ರಾಜನ ತಾಯಿಯ ಉಡಿಕೆ

ಕೊಟ್ಟೂರಿನಲ್ಲಿ ಬಿ.ಎ. ಓದುತ್ತಿದ್ದಾಗ ನಾನು ಪಾಠಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಅಪ್ಪ ಕೇಳಿಸಿಕೊಳ್ಳುತ್ತಿದ್ದ. ಆ ದಿನ ಓದಿದ್ದು ಸಾವಿರ ವರ್ಷದ ಹಿಂದಿನ ನಾರ್ವೆಯ ಒಬ್ಬ ರಾಜನ ಕಥೆ. ಅವನು ಹುಟ್ಟುವ ಮೊದಲೇ ತಂದೆ ಸತ್ತಿದ್ದ. ತಾಯಿ ಇನ್ನೊಬ್ಬ ಸಣ್ಣ ರಾಜನನ್ನು ಮದುವೆಯಾದಳು. ಅಲ್ಲಿಯೂ ಮಕ್ಕಳಾದರು.

"ಹಂಗಾರ ಅಲ್ಲೂ ಉಡಿಕಿ ಐತಿ," ಎಂದ ಅಪ್ಪ.

ಉಡಿಕೆ ಎಂದರೆ ನಮ್ಮಲ್ಲಿ ವಿಧವೆಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕೊಡುವುದು. ಮೊದಲ ಗಂಡನ ಮಗು ಅವನ ಮನೆಯಲ್ಲೇ ಉಳಿಯಬೇಕು. ಹೋದವಳು ಆ ಹೊಸ್ತಿಲು ಮತ್ತೆ ತುಳಿಯಬಾರದು. ಅಪ್ಪ ಹಾಗೆ ಉಳಿದ ಮಗು. ಅವನ ತಾಯಿ ತಂಬ್ರಹಳ್ಳಿಗೆ ಹೋಗಿದ್ದಳು. ಅಲ್ಲಿ ಅವನಿಗೊಬ್ಬ ತಮ್ಮನಿದ್ದ, ಮುಖ ಕಂಡಿರಲಿಲ್ಲ.

ಆ ರಾಜನ ತಾಯಿಯೂ ಮಗನನ್ನು ಬಿಟ್ಟು ಹೋದಳೇ ಎಂದು ಅಪ್ಪ ಕೇಳಿದ. ಇಲ್ಲ, ರಾಜ ಬೆಳೆದದ್ದೇ ಮಲತಂದೆಯ ಮನೆಯಲ್ಲಿ ಎಂದೆ. ಮುಂದೆ ರಾಜ್ಯ ಕಳೆದುಕೊಂಡು ಕೊನೆಯ ಯುದ್ಧಕ್ಕೆ ಬಂದಾಗ, ಅದೇ ತಾಯಿಯ ಕಿರಿಯ ಮಗ ಅಣ್ಣನ ಪಕ್ಕ ನಿಂತು ಗಾಯಗೊಂಡ. ಅಪ್ಪ ಬೀಡಿ ಆರಿಸಿ ಸುಮ್ಮನಾದ. ಬೀಡಿ ಇತ್ತೋ ಇಲ್ಲವೋ. ಬರೆಯುವಾಗ ಇಂಥ ಮೌನಗಳಿಗೆ ನಾನು ಬೀಡಿ ಹಚ್ಚಿಕೊಡುತ್ತೇನೆ.

ತಂಬ್ರಹಳ್ಳಿಯ ತಮ್ಮ ಅದೇ ವಾರ ನಮ್ಮ ಬಾಗಿಲಿಗೆ ಬಂದ ಎಂದು ಬರೆದರೆ ಚೆನ್ನಾಗಿರುತ್ತದೆ. ಬಂದದ್ದು ಬಹುಶಃ ಮರುವರ್ಷ. ಕೂರು ಎಂದರೂ ಕೂರಲಿಲ್ಲ. ಹೊಲದಲ್ಲಿ ಪಾಲು ಕೇಳಲು ಬಂದಿರಬೇಕು ಎಂದು ನಮ್ಮವ್ವ ಅಡುಗೆಮನೆಯಲ್ಲಿ ನನ್ನ ಕಿವಿಗೆ ಹೇಳಿದಳು.

"ಅಣ್ಣಾ, ಅವ್ವ ಬಸ್‌ಸ್ಟ್ಯಾಂಡಿನ್ಯಾಗ ಕುಂತಾಳ," ಎಂದ ಅವನು. "ನಿನ್ನ ನೋಡ್ಬೇಕಂತ. ಮನಿಗೆ ಬಾ ಅಂದ್ರ ಒಲ್ಲೆ ಅಂತಾಳ."

ಅಪ್ಪ ಬರಿಗಾಲಲ್ಲೇ ಹೊರಟ. ಮೂವರೂ ನಡೆದು ಬಂದರು. ಹೊಸ್ತಿಲ ಮುಂದೆ ಮುದುಕಿ ನಿಂತುಬಿಟ್ಟಳು. ಓಣಿಯವರು ನೋಡುತ್ತಿದ್ದರು.

"ಯಾರರ ಏನರ ಅಂದಾರು, ಬ್ಯಾಡಪ್ಪ."

"ಅಂದ್ರ ನನಗ ಅಂತಾರ. ನೀ ಒಳಗ ಬಾರಬೇ."

ಅವಳು ದಾಟಿದಳು. ಏನೂ ಆಗಲಿಲ್ಲ. ನಮ್ಮವ್ವ ಉದ್ದನೆಯ ಉಸಿರು ಬಿಟ್ಟು ಮತ್ತಷ್ಟು ರೊಟ್ಟಿಗೆ ಹಿಟ್ಟು ನಾದತೊಡಗಿದಳು. ಮುದುಕಿ ಪಡಸಾಲೆಯ ಗೋಡೆ ಸವರಿ, ಇಲ್ಲೊಂದು ಬಾಗಿಲಿತ್ತಲ್ಲ, ಯಾವಾಗ ಮುಚ್ಚಿದಿರಿ ಎಂದು ಕೇಳಿದಳು. ಹುಟ್ಟಿದ ಮನೆಯಲ್ಲೇ ಇದ್ದ ಅಪ್ಪನಿಗೂ ಅದು ಗೊತ್ತಿರಲಿಲ್ಲ. ಅವನು ನಕ್ಕ. ಆ ನಗು ನಾನು ಸೇರಿಸಿದ್ದಲ್ಲ.