ಅವ್ವನ ಕೆಲಸ, ನನ್ನ ಕಾರಣ

ಅವ್ವ ಮಕ್ಕಳ ಹತ್ತಿರ ತೋಳನ್ನು ಕೈಗಡ ಕೇಳುತ್ತಿದ್ದಳು.

"ಏ ಸಾವಕಾರ, ನಿನ್ನ ತೋಳು ಒಂಚೂರು ಕೊಡಪಾ. ನನ್ನ ಕಡೆ ಇರಲಿ, ಎಂಟು ದಿನಕ್ಕ ತಿರುಗಿ ಕೊಡ್ತೀನಿ," ಎನ್ನುವಳು. ನಗಬೇಕೋ ಅಳಬೇಕೋ ತಿಳಿಯದೆ ಕೂಸು ಬಾಯಿ ತೆರೆದುಕೊಂಡಿರುವಾಗಲೇ ಅವಳ ಕೈಯಲ್ಲಿದ್ದ ಸಣ್ಣ ಚೂರಿ ಮೂರು ಕಡೆ ಗೀರಿ ಮುಗಿಸಿರುತ್ತಿತ್ತು. ಅಳು ಆಮೇಲೆ. ಆ ಅಳುವಿಗೂ ಅವಳ ಹತ್ತಿರ ಮಾತಿತ್ತು: "ಅಳು, ಅಳು. ನಿಮ್ಮಪ್ಪ ಇದಕ್ಕಿಂತ ಜೋರ ಅಳ್ತಾನ, ನಾ ನೋಡೀನಿ."

ಶನಿವಾರ, ರವಿವಾರ ಎಂದು ವಾರದ ಹೆಸರು ಹೊತ್ತ ಪುಣೆಯ ಪೇಠೆಗಳಲ್ಲಿ ಮನೆ ಮನೆಗೆ ಹೋಗಿ ದೇವಿ ಹಾಕುವುದು, ಅಂದರೆ ಮೈಲಿಬೇನೆ ಬರದಂತೆ ಮಕ್ಕಳ ತೋಳಿಗೆ ಔಷಧ ಗೀರುವುದು, ಅವಳ ಕೆಲಸ. ಕರುವಿನ ಮೈಯಿಂದ ತೆಗೆದ ಆ ಔಷಧ ಗಾಜಿನ ಸಣ್ಣ ನಳಿಕೆಯಲ್ಲಿ ಬರುತ್ತಿತ್ತು. ಅದನ್ನು ಅವಳು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೆರಗಿನಲ್ಲಿ ಮುಚ್ಚಿಕೊಂಡು, ಬಿಸಿಲು ಏರುವ ಮೊದಲು ಹೊರಡುತ್ತಿದ್ದಳು.

ಈ ಕೆಲಸ ಅವಳಿಗೆ ಸಿಕ್ಕಿದ್ದು ಹೀಗಂತೆ. ದೇವಿ ಹಾಕಲು ಗಂಡಸು ಬಂದರೆ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯ ಹೆಂಗಸರು ಅಗಳಿ ಹಾಕಿಕೊಂಡು, ಕೂಸುಗಳನ್ನು ಬುಟ್ಟಿಯ ಕೆಳಗೆ ಬಚ್ಚಿಡುತ್ತಿದ್ದರು. ಧಾರವಾಡದ ಕಡೆಯಿಂದ ಹೊಸದಾಗಿ ಬಂದಿದ್ದ ಅವ್ವ ಒಂದೊಂದೇ ಬುಟ್ಟಿ ಎತ್ತಿ, ಕೂಸನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡಳು. ಜೊತೆಗಿದ್ದ ಡಾಕ್ಟರು, ನೀವೇ ಯಾಕೆ ಕಲಿಯಬಾರದು ಎಂದು ಕೇಳಿದರು. ಇದನ್ನು ಕಣ್ಣಾರೆ ಕಂಡವನಂತೆ ಬರೆಯುತ್ತಿದ್ದೇನೆ. ಆಗ ನಾನು ಬುಟ್ಟಿಯ ಕೆಳಗೆ ಹಿಡಿಸುವಷ್ಟಿದ್ದೆ. ಬುಟ್ಟಿಗಳನ್ನು ನಾನೇ ಆಮೇಲೆ ಸೇರಿಸಿದೆನೋ ಏನೋ.

ಖಚಿತವಾಗಿ ಗೊತ್ತಿರುವುದು ಒಂದೇ. ನಮ್ಮ ಮನೆಗೆ ಅವಳ ಸಂಬಳದ ಅಗತ್ಯವಿರಲಿಲ್ಲ. ಅಪ್ಪ ದಂಡು ಇರುವ ಲಷ್ಕರದ ಕಡೆ ಸರಕಾರಿ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್. ಸೈಕಲ್ಲಿನ ಮೇಲೆ ರುಮಾಲು ಕದಲದಂತೆ ಕೂತು ಹೋಗಿಬರುವ ಮನುಷ್ಯ. ಅವನಿಗೆ ಹೆಂಡತಿಯ ಕೆಲಸ ಹಿಡಿಸಿರಲಿಲ್ಲ, ಆದರೂ ತಡೆಯಲಿಲ್ಲ. ಒಂದು ಕರಾರು ಹಾಕಿದ್ದ. "ನೀ ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಗಂಡಗ ಹೊಟ್ಟಿಗೆ ಹಾಕೂದು ಆಗವಲ್ದು, ಅದಕ್ಕ ಹೊಂಟಾಳ ಅಂತ ಒಬ್ಬರ ಬಾಯಾಗರೆ ಬಂತೋ, ಅವತ್ತಿಗೆ ಮುಗೀತು."

"ಬರಂಗಿಲ್ಲ," ಎಂದಿದ್ದಳು ಅವ್ವ.

ಹಾಗಾದರೆ ಯಾಕೆ ಹೋಗುತ್ತಿದ್ದಳು? ಕೆಳಗಿನ ಮನೆಯ ಅಂಬಕ್ಕ ಬಾವಿಕಟ್ಟೆಯ ಹತ್ತಿರ ಕೇಳಿಯೇ ಬಿಟ್ಟಳು: "ಏನ್ರಿ ಸುಂದರಾಬಾಯಿ, ಮನ್ಯಾಗ ಏನು ಕಡಿಮಿ ಆಗೇದಂತ ಹೊಂಟೀರಿ?"

"ಏನೂ ಕಡಿಮಿ ಇಲ್ರಿ, ಅದಕ್ಕ ಹೊಂಟೀನಿ," ಎಂದಳು ಅವ್ವ, ಕೊಡ ಎತ್ತಿಕೊಳ್ಳುತ್ತ.

ಎಂಟನೆಯ ದಿನ ಮತ್ತೆ ಅದೇ ಮನೆಗೆ ಹೋಗಿ ತೋಳು ನೋಡಬೇಕು. ಗೀರಿದ ಜಾಗದಲ್ಲಿ ಮುತ್ತಿನಂತೆ ಬೊಕ್ಕೆ ಎದ್ದಿದ್ದರೆ ಔಷಧ ಹತ್ತಿದೆ ಎಂದರ್ಥ. ಏಳದಿದ್ದರೆ ಮತ್ತೆ ಗೀರಬೇಕು. ಆ ದಿನಗಳಲ್ಲಿ ಅವಳ ನಡಿಗೆಯೇ ಬೇರೆ. ಅಪ್ಪನಿಗೆ ಭಕ್ಕರಿ ಬಡಿಸುತ್ತ, "ಶನಿವಾರ ಪೇಠದಾಗ ಐದು ಕೂಸು ನೋಡಿದೆ. ನಾಕಕ್ಕ ಎದ್ದಾವ," ಎನ್ನುವಳು.

"ಉಣ್ಣೂವಾಗ ಅದನ್ನ ಹೇಳಬ್ಯಾಡ," ಎಂದು ಅಪ್ಪ ಮುಖ ಸಿಂಡರಿಸುವನು. ಎರಡು ತುತ್ತು ಆದ ಮೇಲೆ, "ಐದನೇದಕ್ಕ ಯಾಕ ಏಳಲಿಲ್ಲ?" ಎಂದು ಅವನೇ ಕೇಳುವನು.

ನನಗೆ ಮಾತ್ರ ಆ ಐದು ಕೂಸುಗಳೂ ಬೇಡವಾಗಿದ್ದವು. ನನ್ನ ಜೊತೆ ಓದುವ ಹುಡುಗರ ಮನೆಗಳಿಗೆ ಅವಳು ಹೋಗುತ್ತಿದ್ದಳು. ಕಂಡವರ ಮಕ್ಕಳ ಕೀವು ರಸಿಗೆ ಮುಟ್ಟುವ ಹೆಂಗಸಿನ ಮಗ ಎಂದು ಒಬ್ಬ ತರಗತಿಯಲ್ಲಿ ಗಟ್ಟಿಯಾಗಿಯೇ ಅಂದ. ಎಲ್ಲರೂ ನಕ್ಕರು. ನಮ್ಮ ಮಾಸ್ತರು ಅಥಣಿಯ ಕಡೆಯವರು. ತರಗತಿ ಬಿಟ್ಟ ಮೇಲೆ ನನ್ನನ್ನು ನಿಲ್ಲಿಸಿಕೊಂಡು ಕನ್ನಡದಲ್ಲಿ ಮೆಲ್ಲಗೆ ಕೇಳಿದರು:

"ನಿಮ್ಮಪ್ಪಗ ನೌಕರಿ ಅದ ಅಲ್ಲಪಾ? ಮತ್ತ ತಾಯಿ ಯಾಕ ಈ ಕೆಲಸಾ ಮಾಡ್ತಾರ?"

ನನಗೆ ಹದಿಮೂರು ವರ್ಷ. "ಅಪ್ಪಗ ಆರಾಮಿಲ್ರಿ. ಆರು ತಿಂಗಳಾತು, ಹಾಸಿಗಿ ಹಿಡದಾರ. ಕೆಮ್ಮು," ಎಂದೆ.

ಯಾವ ತಯಾರಿಯೂ ಇಲ್ಲದೆ ಬಂತು ಅದು. ಮಾಸ್ತರರ ಮುಖ ಬದಲಾದದ್ದನ್ನು ಕಂಡೆ. ಮರುದಿನ ಅವರು ಹುಡುಗರಿಗೆ ಏನು ಹೇಳಿದರೋ, ಯಾರೂ ನಗಲಿಲ್ಲ. ಕೀವಿನ ಮಾತಾಡಿದವನೇ ನನಗೆ ಅರ್ಧ ಪೇರಲಹಣ್ಣು ಕೊಟ್ಟ. ಹೊಟ್ಟೆಗಿಲ್ಲದೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಅಲ್ಲಿ ಮರ್ಯಾದೆ ಇತ್ತು. ಬೇಕೆನಿಸಿ ಹೋಗುವವಳಿಗೆ ಇರಲಿಲ್ಲ. ಇದನ್ನು ನಾನು ಆಗಲೇ ಕಲಿತೆ, ಕಲಿತು ಬಳಸಿಕೊಂಡೆ.

ಮಾಸ್ತರರು ಒಳ್ಳೆಯವರಾದದ್ದೇ ತೊಂದರೆಯಾಯಿತು. ಆಗ ಪುಣೆಯಲ್ಲಿ ಬಡ ಹುಡುಗರು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಅದಕ್ಕೆ ವಾರ ಹಚ್ಚುವುದು ಎನ್ನುತ್ತಿದ್ದರು. "ಗುರುವಾರ ನಮ್ಮ ಮನೀಗೆ ಊಟಕ್ಕ ಬಾ," ಎಂದರು ಮಾಸ್ತರು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಅವ್ವನಿಗೆ ಏನು ಹೇಳಲಿ? ಗುರುವಾರ ಉಪವಾಸ ಹಿಡಿದಿದ್ದೇನೆ, ಮುಂಜಾನೆ ಮಠಕ್ಕೆ ಹೋಗಿ ಹಾಗೆಯೇ ಸಾಲೆಗೆ ಹೋಗುತ್ತೇನೆ ಎಂದೆ.

"ಅಬ್ಬಾ! ನಮ್ಮ ಮನ್ಯಾಗ ಸ್ವಾಮಿಗಳು ಹುಟ್ಯಾರಲ್ಲೋ," ಎಂದು ನಕ್ಕಳು. ಗುರುವಾರ ಸಂಜೆ ನನ್ನ ಉಪವಾಸಕ್ಕೆಂದು ಸಾಬೂದಾಣಿಯ ಖಿಚಡಿ ಮಾಡಿಡುತ್ತಿದ್ದಳು. ಮಾಸ್ತರರ ಮನೆಯ ಅನ್ನ ಉಂಡ ಹೊಟ್ಟೆಯಲ್ಲಿ ಅದನ್ನೂ ತಿನ್ನುತ್ತಿದ್ದೆ.

ಐದನೆಯದೋ ಆರನೆಯದೋ ಗುರುವಾರ. ಮಾಸ್ತರರ ಮನೆಯ ಹಿಂದಿನ ಪಡಸಾಲೆಯಲ್ಲಿ ನಾನು ಎಲೆಯ ಮುಂದೆ ಕೂತಿದ್ದೆ. ಮಾಸ್ತರರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಅವರು ಎರಡನೆಯ ಸಲ ಅನ್ನ ಹಾಕುತ್ತಿದ್ದರು. ಬಾಣಂತನಕ್ಕೆ ಬಂದಿದ್ದ ಅವರ ಮಗಳ ಕೂಸಿಗೆ ನಾಲ್ಕು ತಿಂಗಳಾಗಿತ್ತು. ಹಿತ್ತಿಲ ಬಾಗಿಲಿನಿಂದ "ಎಲ್ಲೆ ಅದಾಳ್ರಿ ನಮ್ಮ ಸಾವಕಾರ್ತಿ?" ಎಂಬ ದನಿ ಕೇಳಿಸಿತು. ನನಗೆ ಓಡಲು ಜಾಗವಿರಲಿಲ್ಲ.

ಅವ್ವ ಒಳಗೆ ಬಂದು ನನ್ನನ್ನು ಕಂಡಳು, ಎಲೆಯನ್ನೂ ಕಂಡಳು.

"ನೋಡ್ರಿ, ನಿಮ್ಮ ಮಗಾನೂ ಇಲ್ಲೇ ಅದಾನ," ಎಂದರು ಕಾಕು. "ಭಾಳ ಸಂಕೋಚದ ಹುಡುಗ. ನೀವೇನೂ ಚಿಂತಿ ಮಾಡಬ್ಯಾಡ್ರಿ, ಗುರುವಾರ ನಮ್ಮ ಕಡೆ ಇರಲಿ. ಯಜಮಾನರು ಹೆಂಗ ಅದಾರ್ರಿ? ಕೆಮ್ಮು ಇಳೀತ?"

ಅವ್ವ ಚೀಲ ಕೆಳಗಿಟ್ಟಳು. ನನ್ನತ್ತ ನೋಡಲಿಲ್ಲ. "ಸ್ವಲ್ಪ ಇಳದದ್ರಿ," ಎಂದಳು.

"ಪಾಪ, ಹೊಟ್ಟಿ ಸಲುವಾಗಿ ಎಂಥಾ ಕೆಲಸಾ ಮಾಡೂ ಹಂಗಾತು ನಿಮಗ. ಇಲ್ಲಂದ್ರ ಮನಸಾರೆ ಯಾರರೆ ಇದನ್ನ ಮಾಡ್ತಾರೇನ್ರಿ?"

"ಹೌದ್ರಿ," ಎಂದಳು ಅವ್ವ. "ಯಾರು ಮಾಡ್ತಾರ್ರಿ."

ಆಮೇಲೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೀರಿದಳು. ಅವಳ ಕೈ ನಡುಗಿತು ಎಂದು ಬರೆಯುವ ಆಸೆ ನನಗಿದೆ. ನಡುಗಲಿಲ್ಲ. ಆದರೆ ಆ ಕೂಸಿನ ತೋಳನ್ನು ಅವಳು ಕೈಗಡ ಕೇಳಲಿಲ್ಲ. ಹೋಗುವಾಗ ನನ್ನ ಎಲೆಯ ಹತ್ತಿರ ನಿಂತು, "ಉಂಡು ಏಳು, ಅರ್ಧಕ್ಕ ಏಳಬಾರದು," ಎಂದಳು.

ಸಂಜೆ ಖಿಚಡಿ ಇರಲಿಲ್ಲ. ಎಂದಿನಂತೆ ಭಕ್ಕರಿ, ಪಲ್ಯ. ಅಪ್ಪ ಇನ್ನೂ ಬಂದಿರಲಿಲ್ಲ.

"ಯಾಕ ಹಂಗ ಹೇಳಿದಿ?" ಎಂದು ಕೇಳಿದಳು.

"ಎಲ್ಲಾರೂ ಕೇಳ್ತಾರ, ನೀ ಯಾಕ ಕೆಲಸಾ ಮಾಡ್ತಿ ಅಂತ."

"ನನ್ನ ಕೇಳಬೇಕಿತ್ತು."

"ಕೇಳಿದ್ರ ಏನ್ ಹೇಳ್ತಿದ್ದಿ?"

ಬಡಿಯುತ್ತಿದ್ದ ಭಕ್ಕರಿಯನ್ನು ಎತ್ತಿ ಹಂಚಿಗೆ ಹಾಕಿದಳು. "ನಿನ್ನ ಉತ್ತರದಷ್ಟು ಛಲೋ ಇರ್ತಿರಲಿಲ್ಲ ಬಿಡು," ಎಂದಳು.

ಅಪ್ಪನಿಗೆ ಹೇಳುತ್ತಾಳೆಂದು ಮೂರು ದಿನ ಹೆದರಿದೆ. ಹೇಳಲಿಲ್ಲ. ಆದರೆ ರವಿವಾರ ಮುಂಜಾನೆ ಮಾಸ್ತರರೇ ಬಂದರು, ರೋಗಿಯನ್ನು ನೋಡಲು, ಮೋಸಂಬಿ ತೆಗೆದುಕೊಂಡು. ಅಪ್ಪ ಆಗಷ್ಟೇ ಮಂಡಯಿ ಮಾರುಕಟ್ಟೆಯಿಂದ ಕಾಯಿಪಲ್ಯ ತಂದು, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡೇ ಬಾಗಿಲಲ್ಲಿ ಅವರನ್ನು ಎದುರುಗೊಂಡ.

"ಎದ್ದು ಓಡಾಡ್ಲಿಕ್ಕೆ ಹತ್ತೀರಿ! ಭಾಳ ಸಂತೋಷ ರಾಯರ," ಎಂದರು ಮಾಸ್ತರು. "ಆರು ತಿಂಗಳಿಂದ ಹಾಸಿಗಿ ಹಿಡದೀರಿ, ಮನೀ ಭಾರ ಎಲ್ಲಾ ಸುಂದರಾಬಾಯಿಯವರ ಮ್ಯಾಲ ಬಿದ್ದದ ಅಂತ ಕೇಳಿದ್ದೆ."

"ಯಾರು ಹೇಳಿದ್ರು?" ಎಂದ ಅಪ್ಪ. ಚೀಲಗಳನ್ನು ಕೆಳಗಿಡಲಿಲ್ಲ.

ಮಾಸ್ತರರು ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. "ನಾ ಹೇಳಿದೆ. ಇವರ ಮನ್ಯಾಗ ಕಾಕು ಕೇಳಿದ್ರು, ಹೌದು ಅಂತ ಹೇಳಿದೆ," ಎಂದಳು. ಅದು ಸುಳ್ಳಲ್ಲ. ಮಾಸ್ತರರಿಗೆ ಎಲ್ಲ ತಿಳಿಯಿತು. ಬಾಯಿ ಬಿಡಲಿಲ್ಲ, ಬಹುಶಃ ನನ್ನನ್ನು ಉಳಿಸಲು. ನಾನೂ ಬಾಯಿ ಬಿಡಲಿಲ್ಲ. ಒಂದೇ ಒಂದು ಮಾತು, "ನಾನು" ಎಂದಿದ್ದರೆ ಸಾಕಿತ್ತು. ಒಂದು ಪೆಟ್ಟು ತಿನ್ನುತ್ತಿದ್ದೆ, ಅವಳ ಕೆಲಸ ಉಳಿಯುತ್ತಿತ್ತು. ಅಪ್ಪನ ಕೈಯ ಚೀಲ ವಾಲಿ ಉರುಳಿದ ಬದನೆಕಾಯಿಗಳನ್ನು ಆರಿಸುತ್ತ ಕೂತೆ.

ಮಾಸ್ತರರು ಹೋದ ಮೇಲೆ ಅಪ್ಪ ದನಿ ಏರಿಸಲಿಲ್ಲ. "ಕರಾರು ನೆನಪದನು?" ಎಂದ.

"ಅದ," ಎಂದಳು. "ಒಂದು ಗುರುವಾರ ಬಿಡ್ರಿ. ಕಾಕು ಮನೀ ಕೂಸಿಗೆ ಎಂಟು ದಿನ ಆಗ್ತದ. ತೋಳು ನೋಡಿ ಬಂದು ಮುಗಸ್ತೀನಿ," ಎಂದಳು.

"ಬ್ಯಾಡ."

ಅವಳು ಗಂಡನನ್ನು ಬೇಡಿದ್ದು ನಾನು ನೋಡಿದ್ದು ಅದೊಂದೇ ಸಲ.

ಬುಧವಾರ ನನ್ನನ್ನು ಹತ್ತಿರ ಕರೆದು, ತನ್ನ ತೋಳಿನ ಮೇಲೆ ಬೆರಳಿಟ್ಟು ತೋರಿಸಿದಳು: ಬೊಕ್ಕೆ ಹೇಗೆ ಎದ್ದಿರಬೇಕು, ನಡುವೆ ಹೇಗೆ ತಗ್ಗು ಇರಬೇಕು, ಸುತ್ತ ಎಷ್ಟು ಕೆಂಪು. "ನಾಳೆ ನೀ ನೋಡಿ ಬಾ. ಎದ್ದಿರಲಿಲ್ಲಂದ್ರ ಡಾಕ್ಟರಿಗೆ ಹೇಳಿ ಕಳಸಬೇಕು."

ಗುರುವಾರ ನಾನು ಮಾಸ್ತರರ ಓಣಿಯ ತಿರುವಿನವರೆಗೆ ಹೋದೆ. ಕಾಕುವಿನ ಮುಖ ನೋಡುವ ಧೈರ್ಯವಾಗಲಿಲ್ಲ. ಲಕಡಿ ಪೂಲ್ ಎಂಬ ಸೇತುವೆಯ ಮೇಲೆ ನಿಂತು ಮುಠಾ ಹೊಳೆಯಲ್ಲಿ ಎಮ್ಮೆ ತೊಳೆಯುವುದನ್ನು ನೋಡಿದೆ. ಸಂಜೆ ಮನೆಗೆ ಬಂದು, "ಎದ್ದಾವ, ಮೂರೂ," ಎಂದೆ.

"ಮೂರೂ?"

"ಮೂರೂ."

ಅವಳ ಮುಖವನ್ನು ನಾನು ವರ್ಣಿಸಲಾರೆ. ರಾತ್ರಿ ಅಪ್ಪನಿಗೆ ಬಡಿಸುವಾಗ, "ಮೂರೂ ಎದ್ದಾವಂತ," ಎಂದಳು. ಅಪ್ಪ ತಲೆ ತಗ್ಗಿಸಿಕೊಂಡು ಉಂಡ. ಮತ್ತೆಂದೂ ಅವಳು ಆ ಚೀಲ ಹಿಡಿದು ಹೊರಡಲಿಲ್ಲ.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಕೊರಗಿ ಕೊರಗಿ ಸವೆದಳು ಎಂದರೆ ಚಿತ್ರ ಪೂರ್ತಿಯಾಗುತ್ತದೆ, ಆದರೆ ಹಾಗಾಗಲಿಲ್ಲ. ಉಪ್ಪಿನಕಾಯಿ ಹಾಕಿದಳು, ನನ್ನ ಮದುವೆಯಲ್ಲಿ ಬೀಗಿತ್ತಿಯರನ್ನು ನಗಿಸಿದಳು, ಅಂಬಕ್ಕನ ಜೊತೆ ಜಗಳವಾಡಿದಳು. ಎರಡನೆಯ ಮಹಾಯುದ್ಧ ಮುಗಿದ ವರ್ಷ ನಾಲ್ಕು ದಿನದ ಜ್ವರದಲ್ಲಿ ಹೋದಳು.

ಮಾತಾಡಿಸಲು ಬಂದವರಲ್ಲಿ ಕಾಕುವೂ ಇದ್ದರು, ಕೋಲು ಹಿಡಿದುಕೊಂಡು. ನನ್ನ ಹೆಂಡತಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ನಿನ್ನ ಅತ್ತಿ ಎಂಥಾ ತಾಯಿ ಅಂತಿ! ಗಂಡ ಹಾಸಿಗಿ ಹಿಡದಾಗ ಮನೀ ಮನೀ ತಿರುಗಿ ಸಂಸಾರ ನಡಿಸಿದ್ಲು. ಈ ನಿನ್ನ ಗಂಡ ಸಣ್ಣಾಂವ ಇದ್ದಾಗ ಬಂದು ಹೇಳಿದ್ದಕ್ಕ ನಮ್ಮ ಮಾಸ್ತರು ಕಣ್ಣಾಗ ನೀರು ತಂದಿದ್ರು."

"ಅದೂ ಹೌದೇನ್ರಿ?" ಎಂದಳು ನನ್ನ ಹೆಂಡತಿ. "ಇವರು ನನಗ ಬ್ಯಾರೆ ಹೇಳಿದ್ರು. ಮೊದಲನೇ ಮಗಳು ಮೈಲಿಬ್ಯಾನ್ಯಾಗ ಹೋದ್ಲಂತ, ಆ ಸಂಕಟಕ್ಕ ಈ ಕೆಲಸಾ ಹಿಡದ್ರಂತ."

ನನಗೆ ಅಕ್ಕ ಇರಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಕೇಳಿದಾಗ, ಒಬ್ಬ ಅಕ್ಕನನ್ನು ಹುಟ್ಟಿಸಿ ಸಾಯಿಸಿದ್ದೆ. ಇಬ್ಬರೂ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಯಾವ ಮಗಳು?" ಎಂದ ಅಪ್ಪ, ಮೂಲೆಯ ಮಂಚದಿಂದ.

ದುಃಖದಲ್ಲಿ ಮುದುಕನಿಗೆ ಮರೆವಾಗಿದೆ ಎಂದುಕೊಂಡು ಯಾರೂ ಉತ್ತರ ಕೊಡಲಿಲ್ಲ. ಅವನು ಕಾಕುವನ್ನು ನೋಡಿದ, ಆಮೇಲೆ ನನ್ನನ್ನು, ತುಂಬಾ ಹೊತ್ತು.

ಮರುದಿನ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. "ಒಂದೇ ಒಂದು ಗುರುವಾರ ಕೇಳಿದ್ಲು ಅಕಿ," ಎಂದ, ಗೋಡೆಯ ಕಡೆ ಮುಖ ಮಾಡಿ. "ನಾ ಕೊಡಲಿಲ್ಲ."

ಆಮೇಲೆ ನನ್ನ ಕೈ ಹುಡುಕಿ ಹಿಡಿದ. "ನೀ ಹೋಗಿ ನೋಡಿ ಬಂದಿ. ಅಷ್ಟರೆ ಸಮಾಧಾನ ಆತು ಅಕಿಗೆ."

ಹೂಂ ಎಂದೆ.